ಅಮೆರಿಕದ ವೋಟರ್ ಫಾರ್ಮ್‌ನಲ್ಲಿ ಪಕ್ಷದ ಕಾಲಂ ಖಾಲಿ ಬಿಡಬಹುದಾ?

ಹೊಸದಾಗಿ ಸಿಟಿಜನ್ ಆಗಿದ್ದೀರಿ, ನ್ಯೂಯಾರ್ಕ್‌ನಲ್ಲಿದ್ದೀರಿ, ವೋಟರ್ ಫಾರ್ಮ್ ನಿಮ್ಮ ಪಕ್ಷ ಯಾವುದು ಅಂತ ಕೇಳುತ್ತಿದೆ. ಡಲ್ಲಾಸ್‌ನಲ್ಲಿರುವ ನಿಮ್ಮ ಭಾವನಿಗೆ ಆ ಪ್ರಶ್ನೆಯೇ ಬರಲಿಲ್ಲವಂತೆ. ಖಾಲಿ ಬಿಡಲಾ ಅಂತ ಕೇಳಿದ್ದೀರಿ.

ಬಿಡಬೇಡಿ. ನಾನು ಬಿಟ್ಟು ಕೆಟ್ಟಿದ್ದೇನೆ. ಊರಲ್ಲಿ ಯಾರಾದರೂ ಯಾವ ಪಾರ್ಟಿ ಅಂತ ಕೇಳಿದರೆ ನಕ್ಕು ಮಾತು ಬದಲಿಸಿ ಅಭ್ಯಾಸ. ಸರ್ಕಾರದ ಕಾಗದದ ಮೇಲೆ ಬರೆದುಕೊಡೋದಾ? ಯಾವ ಪಕ್ಷವೂ ಬೇಡ ಅನ್ನುವಲ್ಲಿ ಟಿಕ್ ಹಾಕಿದೆ. ಜೂನ್‌ನಲ್ಲಿ ಪ್ರೈಮರಿ ದಿನ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಚುನಾವಣೆಯ ದಿನ, ಮನೆ ಹತ್ತಿರದ ಸ್ಕೂಲ್‌ಗೆ ಹೋದರೆ, ಟ್ಯಾಬ್ಲೆಟ್ ಹಿಡಿದು ಕೂತಿದ್ದ ಹೆಂಗಸು "ಹೆಸರಿದೆ, ಪಕ್ಷ ಇಲ್ಲ" ಅಂದರು. ಸುಮ್ನೆ ವಾಪಸ್ ಬಂದೆ.

ನಮ್ಮ ಕಡೆ ಬಿ ಫಾರಂ ಯಾರಿಗೆ ಅಂತ ಹೈಕಮಾಂಡ್ ನೋಡಿಕೊಳ್ಳುತ್ತದೆ, ಅಲ್ವಾ? ಇಲ್ಲಿ ಆ ಕೆಲಸ ಮತದಾರರದ್ದು. ಅದೇ ಪ್ರೈಮರಿ. ಯಾವ ಮತದಾರರು ಅನ್ನೋದರಲ್ಲಿ ಮಾತ್ರ ಒಂದೊಂದು ರಾಜ್ಯದ್ದು ಒಂದೊಂದು ದಾರಿ. ನಿಮ್ಮ ಭಾವ ಇರುವ ಟೆಕ್ಸಾಸ್‌ನದು ಓಪನ್. ವೋಟರ್ ಫಾರ್ಮ್‌ನಲ್ಲಿ ಪಕ್ಷವೇ ಇಲ್ಲ, ಆ ದಿನ ಯಾವುದಾದರೂ ಒಂದು ಪಕ್ಷದ ಪ್ರೈಮರಿ ಆರಿಸಿಕೊಂಡರಾಯಿತು. ಆದರೆ ರನ್‌ಆಫ್ (ಎರಡನೇ ಸುತ್ತಿನ ಮತದಾನ) ಬಂದರೆ ಆಚೆ ಪಕ್ಷಕ್ಕೆ ಹಾರುವಂತಿಲ್ಲ. ನ್ಯೂಜೆರ್ಸಿ ನಡುವಿನದು: ಪಕ್ಷ ಬರೆಸದವರು ಬೂತ್‌ನಲ್ಲೇ ಹೇಳಬಹುದು.

ನ್ಯೂಯಾರ್ಕ್ ಪೂರ್ತಿ ಕ್ಲೋಸ್ಡ್, ಅಂದರೆ ಆ ಪಕ್ಷ ಅಂತ ಮೊದಲೇ ಬರೆಸಿದವರಿಗೆ ಮಾತ್ರ ಅದರ ಪ್ರೈಮರಿಯಲ್ಲಿ ವೋಟ್. ಮೊದಲು ಇನ್ನೂ ಬಿಗಿ ಇತ್ತು. 2016ರ ಏಪ್ರಿಲ್‌ನ ಅಧ್ಯಕ್ಷೀಯ ಪ್ರೈಮರಿಗೆ ಪಕ್ಷ ಬದಲಿಸಲು ಕೊನೆಯ ದಿನ 2015ರ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಟ್ರಂಪ್ ಮಕ್ಕಳಾದ ಇವಾಂಕಾ, ಎರಿಕ್ ಇಬ್ಬರೂ ರಿಪಬ್ಲಿಕನ್ ಅಂತ ಬರೆಸಿರಲಿಲ್ಲ, ಅಪ್ಪನಿಗೇ ವೋಟ್ ಹಾಕಲಾಗಲಿಲ್ಲ! ಈಗ ಆ ಗಡುವು ಫೆಬ್ರವರಿ 14. ನನ್ನಂತೆ ಖಾಲಿ ಬಿಟ್ಟವರಿಗೂ ಅದೇ. ವಿಚಿತ್ರ ಅಂದರೆ, ಮೊದಲ ಸಲ ಹೆಸರು ಸೇರಿಸುವವರಿಗೆ ಪ್ರೈಮರಿಗೆ 10 ದಿನ ಇರುವವರೆಗೂ ಸಮಯ ಇದೆ, ಪಕ್ಷವನ್ನೂ ಆಗಲೇ ಬರೆಸಬಹುದು. ಅಂದರೆ ಬೇಗ ಹೋಗಿ ಖಾಲಿ ಬಿಟ್ಟವನೇ ಕೆಟ್ಟ.

ಪಕ್ಷ ಬೇಡದವರನ್ನು ಹೊರಗಿಡೋದು ನನಗೇನೂ ಸರಿ ಕಾಣೋದಿಲ್ಲ. ಆದರೆ ನ್ಯೂಯಾರ್ಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದವರೇ ಗೆಲ್ಲೋದು ಜಾಸ್ತಿ. ಮಮ್ದಾನಿ 2025ರ ಜೂನ್‌ನಲ್ಲಿ ಅದನ್ನು ಗೆದ್ದು, ನವೆಂಬರ್‌ನಲ್ಲಿ ಮೇಯರ್ ಚುನಾವಣೆಯನ್ನೂ ಗೆದ್ದರು.

ನವೆಂಬರ್ ಚುನಾವಣೆಯಲ್ಲಿ ಯಾರಿಗೆ ಬೇಕಾದರೂ ವೋಟ್ ಹಾಕಿ, ಈ ಟಿಕ್ ಅಡ್ಡ ಬರೋದಿಲ್ಲ. ಒಂದೇ ತೊಂದರೆ, ನೀವು ಬರೆಸಿದ ಪಕ್ಷ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಆಮೇಲೆ ನಾನೂ ಒಂದು ಪಕ್ಷಕ್ಕೆ ಟಿಕ್ ಹಾಕಿದೆ, ಆಗಿನಿಂದ ನನ್ನ ಫೋನಿಗೆ ಬರುತ್ತಿರುವ ಮೆಸೇಜುಗಳಿಗೆ ಲೆಕ್ಕವೇ ಇಲ್ಲ.