ಓದುಗರ ಪ್ರಶ್ನೆ: ಚರ್ಚೆ ನಡೆಸುವವರ ಕುರ್ಚಿ

ಪ್ರಶ್ನೆ: ನಮ್ಮೂರಿನ ಸಹಕಾರ ಸಂಘದ ಸಭಾಂಗಣದಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಕುರಿತು ಸಾರ್ವಜನಿಕ ಚರ್ಚೆ ಏರ್ಪಟ್ಟಿದ್ದು, ಅದನ್ನು ನಡೆಸಿಕೊಡುವ ಹೊಣೆ ನಿವೃತ್ತ ಶಿಕ್ಷಕನಾದ ನನ್ನ ಮೇಲೆ ಬಿದ್ದಿದೆ. ಹಿಂದೆ ಮಂಗಗಳ ಹಾವಳಿಯ ಬಗ್ಗೆ ಸೇರಿದ್ದ ಸಭೆಯಲ್ಲಿ ಮೂವರೇ ಎರಡು ಗಂಟೆ ಮಾತನಾಡಿದರು, ಹೆಂಗಸರು ಬಾಯಿ ಬಿಡಲಿಲ್ಲ, ಕೊನೆಗೆ ಅದು ಹಳೆಯ ಚುನಾವಣೆಯ ಜಗಳಕ್ಕೆ ಹೋಗಿ ನಿಂತಿತು. ಈ ಯೋಜನೆಯ ಬಗ್ಗೆ ನನಗೂ ಗಟ್ಟಿಯಾದ ಅಭಿಪ್ರಾಯವಿದೆ. ಅದನ್ನು ಮುಚ್ಚಿಟ್ಟುಕೊಂಡು ಸಭೆ ನಡೆಸುವುದು ಹೇಗೆ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಮುಚ್ಚಿಡಬೇಡಿ. ಸಣ್ಣ ಊರಿನಲ್ಲಿ ಯಾರ ನಿಲುವು ಯಾವ ಕಡೆಗೆ ಎಂಬುದು ಚಹಾದಂಗಡಿಯ ಬೆಂಚಿಗೂ ಗೊತ್ತಿರುತ್ತದೆ. ನೀವು ಮುಚ್ಚಿಟ್ಟರೆ ನಿಮ್ಮ ಪ್ರತಿಯೊಂದು ಪ್ರಶ್ನೆಯಲ್ಲೂ ಜನ ಅದನ್ನೇ ಹುಡುಕುತ್ತಾರೆ. ಆರಂಭದಲ್ಲೇ ಒಂದು ವಾಕ್ಯದಲ್ಲಿ ಹೇಳಿ, ಸಭೆ ಮುಗಿಯುವವರೆಗೆ ಮತ್ತೆ ಅದರ ಸುದ್ದಿ ಎತ್ತಬೇಡಿ. ಅಷ್ಟು ಸಾಧ್ಯವಿಲ್ಲವೆನಿಸಿದರೆ ಕುರ್ಚಿಯನ್ನು ಬೇರೆಯವರಿಗೆ ಕೊಟ್ಟು ಜನರ ನಡುವೆ ಕುಳಿತು ವಾದಿಸಿ. ಅದರಲ್ಲಿ ಅವಮಾನವೇನೂ ಇಲ್ಲ.

ಫಲಕದ ಮೇಲೆ ‘ಯೋಜನೆ ಬೇಕೇ, ಬೇಡವೇ’ ಎಂದು ಬರೆದರೆ ಜನ ಕೂರುವಾಗಲೇ ಎರಡು ಪಾಲಾಗುತ್ತಾರೆ. ‘ಇದರಿಂದ ನಮ್ಮ ಕಣಿವೆಯಲ್ಲಿ ಏನೇನು ಬದಲಾಗುತ್ತದೆ, ಅದನ್ನು ತಿಳಿಯಲು ಯಾರನ್ನು ಏನು ಕೇಳಬೇಕು’ ಎಂದು ಬರೆಯಿರಿ. ಮೊದಲ ಹತ್ತು ನಿಮಿಷ ವಿವಾದವಿಲ್ಲದ ಸಂಗತಿಗಳಿಗೆ ಮೀಸಲಾಗಿರಲಿ: ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಅದನ್ನೇ ಕೆಳಕ್ಕೆ ಬಿಟ್ಟು 2000 ಮೆಗಾವ್ಯಾಟ್‌ವರೆಗೆ ವಿದ್ಯುತ್ ಪಡೆಯುವುದು ಯೋಜನೆಯ ಉದ್ದೇಶ. ನೀರೆತ್ತಲು ಖರ್ಚಾಗುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು. ಇದನ್ನು ಪರವಾದವರು ಮರೆಮಾಚಬಾರದು, ಇದು ವಿದ್ಯುತ್ತನ್ನು ಕೂಡಿಡುವ ವ್ಯವಸ್ಥೆ ಎಂಬುದನ್ನು ವಿರೋಧಿಸುವವರು ಮರೆಯಬಾರದು. ಎರಡೂ ಜಲಾಶಯಗಳು ಈಗಾಗಲೇ ಇರುವಂಥವು. ಆದ್ದರಿಂದ ಜಗಳವಿರುವುದು ಮುಖ್ಯವಾಗಿ ಸುರಂಗ, ನೆಲದಡಿಯ ವಿದ್ಯುದಾಗಾರ ಮತ್ತು ರಸ್ತೆಗಳ ಬಗ್ಗೆ, ಅವು ಸಿಂಗಳೀಕಗಳ ಅಭಯಾರಣ್ಯದೊಳಗೆ ಬರುತ್ತವೆ ಎಂಬುದರ ಬಗ್ಗೆ. ಈ ಟಿಪ್ಪಣಿಯನ್ನು ಪರವಾದ ಒಬ್ಬರು, ವಿರೋಧಿಸುವ ಒಬ್ಬರು ಹಿಂದಿನ ದಿನವೇ ಜೊತೆಗೆ ಕುಳಿತು ಒಪ್ಪಿರಲಿ.

ಇಷ್ಟಾದರೂ ಹಿರಿಯರೊಬ್ಬರು ಎದ್ದು ‘ಮತ್ತೆ ನಮ್ಮನ್ನು ಮುಳುಗಿಸುತ್ತೀರಾ’ ಎಂದು ಕೇಳಿಯೇ ಕೇಳುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಹತ್ತು ವರ್ಷದ ಹುಡುಗನಾಗಿದ್ದು, ಮನೆ, ಗದ್ದೆ, ಊರದೇವರನ್ನು ಹಿನ್ನೀರಿಗೆ ಬಿಟ್ಟು ಗಾಡಿ ಹತ್ತಿ ಬಂದವರು, ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿರುವವರು ನಿಮ್ಮ ಸಭೆಯಲ್ಲೇ ಇರಬಹುದು. ‘ಇವತ್ತಿನ ವಿಷಯಕ್ಕೆ ಬನ್ನಿ’ ಎಂದು ಅವರನ್ನು ಕೂರಿಸಿದಿರೋ, ಸಭೆ ಅಲ್ಲಿಗೇ ಸತ್ತಿತು. ಅವರು ಹೇಳುವಷ್ಟನ್ನೂ ಕೇಳಿ, ನಂತರ ಮೆಲ್ಲಗೆ ಒಂದು ಪ್ರಶ್ನೆ ಹಾಕಿ: ಆಗ ಕೊಟ್ಟ ಮಾತುಗಳಲ್ಲಿ ಯಾವುದು ಕಾಗದದ ಮೇಲಿತ್ತು, ಯಾವುದು ಬರೀ ಬಾಯಿಮಾತಾಗಿತ್ತು? ಈ ಸಲ ಏನನ್ನು ಬರೆಸಿಕೊಳ್ಳಬೇಕೆಂಬ ಪಟ್ಟಿ ಆ ಉತ್ತರದಿಂದಲೇ ಹುಟ್ಟುತ್ತದೆ. ನೆನಪು ವಿಷಯಾಂತರವಲ್ಲ; ಅದನ್ನು ಪ್ರಶ್ನೆಯಾಗಿ ತಿರುಗಿಸುವ ಕೈ ಬೇಕು, ಅಷ್ಟೆ.

ಮೂವರು ಮಾತುಗಾರರಿಗೆ ಒಂದೇ ನಿಯಮ ಸಾಕು: ಕೈಯೆತ್ತಿದವರೆಲ್ಲರ ಸರದಿ ಮುಗಿಯುವವರೆಗೆ ಯಾರಿಗೂ ಎರಡನೆಯ ಸರದಿಯಿಲ್ಲ. ಹೆಚ್ಚು ಮಾತನಾಡುವವರ ಕೈಗೇ ಸೀಮೆಸುಣ್ಣ ಕೊಟ್ಟು ಬರೆಯಲು ನಿಲ್ಲಿಸುವ ಉಪಾಯವೂ ಉಂಟು. ನನಗೆ ಅದು ಒಮ್ಮೆ ಫಲಿಸಿತು. ಇನ್ನೊಮ್ಮೆ ಆ ಮಹಾನುಭಾವರು ಎಲ್ಲರ ಮಾತನ್ನೂ ತಮ್ಮದೇ ಮಾತಾಗಿ ಬರೆದುಬಿಟ್ಟರು.

ಹೆಂಗಸರು ಸುಮ್ಮನಿದ್ದರೆ ಹೇಳಲು ಏನೂ ಇಲ್ಲವೆಂದಲ್ಲ. ಅಡಿಕೆ ಸುಲಿಯುವ ಚಪ್ಪರದಲ್ಲಿ ಒಂದು ರಾತ್ರಿ ಕುಳಿತರೆ ಊರಿನ ಪ್ರತಿಯೊಂದು ವಿಷಯದ ವಿಚಾರಣೆಯೂ ಅಲ್ಲಿ ನಡೆಯುವುದು ಕಿವಿಗೆ ಬೀಳುತ್ತದೆ. ಸಭೆಗೆ ಒಂದು ವಾರ ಮೊದಲು ಅಲ್ಲಿಗೆ ಹೋಗಿ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತನ್ನಿ, ಸಭೆಯಲ್ಲಿ ಮೊದಲು ಅವನ್ನೇ ಓದಿ. ತಮ್ಮ ಪ್ರಶ್ನೆಗೆ ಅರ್ಧಂಬರ್ಧ ಉತ್ತರ ಬಂದಾಗ ಅದನ್ನು ಕೇಳಿದವರೇ ಎದ್ದು ನಿಲ್ಲುವ ಸಂಭವ ಹೆಚ್ಚು. ಸಂಜೆ ಐದಕ್ಕೆ ಮಾತ್ರ ಸಭೆ ಕರೆಯಬೇಡಿ. ಅದು ಹಾಲು ಕರೆಯುವ ಹೊತ್ತು.

ಪ್ರಶ್ನೆ: ಇಂಥ ಚರ್ಚೆಯ ಕೊನೆಗೆ ಠರಾವು ಅಂಗೀಕರಿಸಬೇಕೆ?
– ಓದುಗರು, ಹೊಸನಗರ

ಉತ್ತರ: ಬೇಡವೆಂಬುದು ನನ್ನ ಅಭಿಪ್ರಾಯ. ಗ್ರಾಮಸಭೆಗೆ ಪಂಚಾಯತ್ ರಾಜ್ ಕಾಯ್ದೆಯ, ಅರಣ್ಯ ಹಕ್ಕಿನ ವಿಷಯದಲ್ಲಿ 2006ರ ಕಾಯ್ದೆಯ ಬಲವಿದೆ. ಬಂದಷ್ಟು ಜನ ಸೇರಿ ನಡೆಸಿದ ಚರ್ಚೆಗೆ ಆ ಬಲವಿಲ್ಲದಿರುವಾಗ ‘ಗ್ರಾಮಸ್ಥರ ಒಮ್ಮತದ ತೀರ್ಮಾನ’ ಎಂದು ಬರೆಯುವುದು ಬರದವರ ಹೆಸರಿನಲ್ಲಿ ಸಹಿ ಹಾಕಿದಂತೆ. ಒಪ್ಪಿದ್ದೇನು, ಒಪ್ಪದೆ ಉಳಿದದ್ದೇನು, ಉತ್ತರ ಸಿಗದ ಪ್ರಶ್ನೆಗಳಾವುವು ಎಂದು ಒಂದು ಪುಟದಲ್ಲಿ ಬರೆದು, ಎಲ್ಲರ ಎದುರು ಓದಿ, ತಿದ್ದುಪಡಿ ಕೇಳಿ, ಮುಂದಿನ ಗ್ರಾಮಸಭೆಗಾಗಿ ಪಂಚಾಯಿತಿಗೆ ಕಳುಹಿಸಿ. ಓದುವುದನ್ನು ಚಹಾ ಬರುವ ಮೊದಲೇ ಮುಗಿಸಿ. ಚಹಾ ಆದ ಮೇಲೆ ಅರ್ಧ ಸಭೆ ಬಸ್ಸಿಗೆ ಹೊರಟಿರುತ್ತದೆ.