ಲಾಕ್‌ಡೌನ್‌ನಲ್ಲಿ ಹಾರ್ಟ್ ಅಟ್ಯಾಕ್ ನಿಜವಾಗಿಯೂ ಕಡಿಮೆಯಾಗಿತ್ತೇ?

ಪ್ರಶ್ನೆ: 2020ರ ಏಪ್ರಿಲ್‌ನಲ್ಲಿ ನಮ್ಮ ತಂದೆಗೆ ಎದೆಯುರಿ, ವಿಪರೀತ ಬೆವರು ಶುರುವಾಯಿತು. ಗ್ಯಾಸ್ಟ್ರಿಕ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಮಲಗಿದರು. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟೀತೆಂದು ಎರಡು ದಿನ ಕಳೆದೆವು. ಈಗಲೂ ಅವರ ಹೃದಯದ ಪಂಪಿಂಗ್ ಶೇ 35 ಅಷ್ಟೇ. ನೆಂಟರೊಬ್ಬರು, ‘ಲಾಕ್‌ಡೌನ್‌ನಲ್ಲಿ ಮನೆಯೂಟ, ನೆಮ್ಮದಿ. ಹಾರ್ಟ್ ಅಟ್ಯಾಕೇ ಇರಲಿಲ್ಲ, ವಾರ್ಡುಗಳು ಖಾಲಿ ಹೊಡೆಯುತ್ತಿದ್ದವು’ ಎನ್ನುತ್ತಾರೆ. ಇದು ನಿಜವೇ? ಅಪ್ಪನ ಪಂಪಿಂಗ್ ಸುಧಾರಿಸೀತೇ?
– ಓದುಗರು, ದಾವಣಗೆರೆ

ಉತ್ತರ: ವಾರ್ಡು ಖಾಲಿಯಿದ್ದದ್ದು ನಿಜ, ನಿಮ್ಮ ನೆಂಟರು ಹೇಳುವ ಕಾರಣವನ್ನು ಮಾತ್ರ ಒಪ್ಪಲಾರೆ. ಇಂಗ್ಲೆಂಡಿನಲ್ಲಿ 2019ರಲ್ಲಿ ವಾರಕ್ಕೆ ಸರಾಸರಿ 3,017 ಮಂದಿ ಹೃದಯಾಘಾತ ಮತ್ತು ಅದಕ್ಕೆ ಹತ್ತಿರದ ತೊಂದರೆಗಳಿಂದ ದಾಖಲಾಗುತ್ತಿದ್ದರು. 2020ರ ಮಾರ್ಚ್ ಕೊನೆಗೆ ಅದು 1,813ಕ್ಕೆ ಕುಸಿಯಿತು. ನಮ್ಮ ದೇಶದ ಹೃದ್ರೋಗ ತಜ್ಞರ ಸಂಘ 187 ಆಸ್ಪತ್ರೆಗಳ ಲೆಕ್ಕ ಕೂಡಿಸಿದಾಗಲೂ ದಾಖಲಾತಿ ಹಿಂದಿನ ವರ್ಷಕ್ಕಿಂತ ಸುಮಾರು ಶೇ 35ರಷ್ಟು ಇಳಿದಿತ್ತು.

ನೆಮ್ಮದಿಯಿಂದ ಅಟ್ಯಾಕ್ ತಪ್ಪಿದ್ದರೆ ಎಲ್ಲ ಬಗೆಯ ಅಟ್ಯಾಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಬೇಕಿತ್ತು. ಇಂಗ್ಲೆಂಡಿನಲ್ಲಿ ಆದದ್ದೇ ಬೇರೆ. ರಕ್ತನಾಳ ಪೂರ್ತಿ ಕಟ್ಟಿಕೊಂಡು ಇಸಿಜಿಯಲ್ಲಿ ಎದ್ದು ಕಾಣುವ ದೊಡ್ಡ ಅಟ್ಯಾಕ್ ಶೇ 23ರಷ್ಟು ಕಡಿಮೆಯಾಯಿತು; ಅರೆಬರೆ ಕಟ್ಟಿ, ಬಂದು ಹೋಗುವ ನೋವಿನ ಬಗೆ ಶೇ 42ರಷ್ಟು. ಅಂದರೆ ತಡೆದುಕೊಳ್ಳಬಹುದಾದ ನೋವಿನವರೇ ಹೆಚ್ಚಾಗಿ ಮನೆಯಲ್ಲಿ ಉಳಿದರು. ಅದೇ ಹೊತ್ತಿಗೆ ಇಟಲಿಯ ಲೊಂಬಾರ್ಡಿಯಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರ ಸಂಖ್ಯೆ ಶೇ 58ರಷ್ಟು ಏರಿತ್ತು. ಅದರಲ್ಲಿ ಕೊರೊನಾದ ಪಾಲೇ ದೊಡ್ಡದು, ಆದರೂ ‘ಹೃದಯಗಳು ಹಾಯಾಗಿದ್ದವು’ ಎನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ. ಹೊಗೆ, ಟ್ರಾಫಿಕ್ ಇಲ್ಲದೆ ಒಂದಿಷ್ಟು ಅಟ್ಯಾಕ್ ತಪ್ಪಿರಬಹುದು. ಅಷ್ಟನ್ನು ಬೇಕಾದರೆ ನಿಮ್ಮ ನೆಂಟರಿಗೆ ಬಿಟ್ಟುಕೊಡೋಣ.

ತಡವಾದರೆ ಏನಾಗುತ್ತದೆ? ನಾಳ ಕಟ್ಟಿದ ಅರ್ಧ ಗಂಟೆಯೊಳಗೆ ಸ್ನಾಯು ಸಾಯಲು ಶುರು. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಫಲ ಕೊಡುವುದು ಹೆಚ್ಚೆಂದರೆ 12 ಗಂಟೆಯೊಳಗೆ, ಅದರಲ್ಲೂ ಮೊದಲ ಎರಡು ಮೂರು ಗಂಟೆಯಲ್ಲಿ. ಎರಡು ದಿನ ಬಿಟ್ಟು ಬಂದವರ ಇಸಿಜಿಯಲ್ಲಿ ಸ್ನಾಯು ಸತ್ತ ಗುರುತಾದ ‘ಕ್ಯೂ’ ಅಲೆಗಳು ಆಳವಾಗಿ ಇಳಿದಿರುತ್ತವೆ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಗೋಡೆಯ ಒಂದು ಭಾಗ ಅಲುಗಾಡುವುದೇ ಇಲ್ಲ. ಹೃದಯದ ನಡುಗೋಡೆ ತೂತು ಬೀಳುವಂಥ, ನಾವು ಅಪರೂಪಕ್ಕೆ ನೋಡುತ್ತಿದ್ದ ಅನಾಹುತಗಳೂ ಆ ವರ್ಷ ಮತ್ತೆ ತಲೆಯೆತ್ತಿದವು.

ತಂದೆಯವರ ವಿಷಯಕ್ಕೆ ಬಂದರೆ, ಸತ್ತ ಸ್ನಾಯು ಮರಳಿ ಜೀವ ತಳೆಯುವುದಿಲ್ಲ. ಆದರೆ ಉಳಿದ ಸ್ನಾಯುವಿನ ಹೊರೆ ಇಳಿಸುವ ಮಾತ್ರೆಗಳು ಈಗ ಚೆನ್ನಾಗಿವೆ. ಡಪಾಗ್ಲಿಫ್ಲೋಜಿನ್, ಸಾಕ್ಯುಬಿಟ್ರಿಲ್ ಮುಂತಾದವು ಅವರ ಚೀಟಿಯಲ್ಲಿವೆಯೇ, ಕೇಳಿ. ಪಂಪಿಂಗ್ 35ರ ಮೇಲೆ ಏರದಿದ್ದರೆ ಹಠಾತ್ ಸಾವು ತಡೆಯುವ ಐಸಿಡಿ ಉಪಕರಣ ಬೇಕೇ ಎಂಬುದನ್ನೂ ವೈದ್ಯರ ಹತ್ತಿರ ಚರ್ಚಿಸಿ. ಚೆನ್ನಾಗಿದ್ದಾರೆಂದು ಮಾತ್ರೆ ನಿಲ್ಲಿಸಬೇಡಿ.

ಇನ್ನು ಮುಂದೆ, ಕೊರೊನಾ ಇರಲಿ ಬಿಡಲಿ, ಬೆವರಿನ ಜೊತೆ ಬರುವ ಎದೆಯುರಿಗೆ ಕಷಾಯ ಕಾಯಿಸುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದಲ್ಲಿ ಇಸಿಜಿ ಎಲ್ಲಿದೆಯೋ ಅಲ್ಲಿಗೆ ಹೋಗಿ. ಮೊದಲ ಇಸಿಜಿ ನಾರ್ಮಲ್ ಬಂದು ನೋವು ಹಾಗೇ ಇದ್ದರೆ, ಇನ್ನೊಮ್ಮೆ ತೆಗೆಯಿರಿ ಎಂದು ನೀವೇ ಕೇಳಿ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತಿನಿಂದಲೂ ಅಟ್ಯಾಕ್ ಶುರುವಾಗಬಹುದು.