ಪ್ರ: ಸ್ಕಾಟ್ಲೆಂಡಿನ ಇನ್ವರೇರಿ ಕ್ಯಾಂಪ್‌ಬೆಲ್ ಕುಲದ ಮೂಲ ಕೋಟೆಯೇ?

ಅಲ್ಲ. ನೀವು ನೋಡಿದ ಇನ್ವರೇರಿ 18ನೇ ಶತಮಾನದ ಅರಮನೆ; ಅದರ ಅಡಿಗಲ್ಲು ಬಿದ್ದದ್ದು 1746ರಲ್ಲಿ. ಅದಕ್ಕೂ ಮುಂಚೆ ಅಲ್ಲೊಂದು 15ನೇ ಶತಮಾನದ ಗೋಪುರವಿತ್ತು, ಅದನ್ನು ಕೆಡವಿದರು. ಅರಮನೆಯ ಆವರಣಕ್ಕೆ ಅಡ್ಡಿಯೆಂದು ಊರನ್ನೇ ಬೇರೆಡೆಗೆ ಸ್ಥಳಾಂತರಿಸಿದರು. ಕುಲದ ಮುಖ್ಯ ಶಾಖೆಯ ಹಳೆಯ ನೆಲೆ ಲಾಕ್ ಆವ್ (Loch Awe) ಎಂಬ ಸರೋವರದ ದ್ವೀಪದಲ್ಲಿರುವ ಇನಿಸ್ ಚೊನೆಲ್. ಈಗ ಅದು ಪಾಳು. ರಸ್ತೆಬದಿಯಿಂದಲೇ ನೋಡಿ ಬರಬೇಕು.

ಗೊಂದಲ ಆಗುವುದು ಶಾಖೆಗಳಿಂದ. ಮುಖ್ಯ ಶಾಖೆಯಾದ ಆರ್ಗೈಲ್ ಮನೆತನಕ್ಕೆ ಇನ್ವರೇರಿ. ಗ್ಲೆನೊರ್ಕಿ ಶಾಖೆಗೆ ಕಿಲ್ಚರ್ನ್. ಕಾಡರ್ ಕೋಟೆಯಂತೂ 1510ರಲ್ಲಿ ಮ್ಯುರಿಯಲ್ ಕಾಲ್ಡರ್ ಎಂಬ ವಾರಸುದಾರಳನ್ನು ಸರ್ ಜಾನ್ ಕ್ಯಾಂಪ್‌ಬೆಲ್ ಮದುವೆಯಾದಾಗ ಬಂದದ್ದು. ಅಲ್ಲಿ ಶೇಕ್ಸ್‌ಪಿಯರ್ ನಾಟಕದಿಂದ ಹೆಸರಾದ ರಾಜ ಮ್ಯಾಕ್‌ಬೆತ್‌ನ ಹೆಸರು ಹೇಳುವವರಿದ್ದರೆ ನಂಬಬೇಡಿ: ಅವನು ಸತ್ತದ್ದು 1057ರಲ್ಲಿ, ಈಗಿರುವ ಕಟ್ಟಡ ಅದಕ್ಕಿಂತ ಮುನ್ನೂರು ವರ್ಷಕ್ಕೂ ಹೆಚ್ಚು ಈಚಿನದು.

ಒಂದೇ ಕೋಟೆಗೆ ಸಮಯವಿದ್ದರೆ ಕಿಲ್ಚರ್ನ್‌ಗೇ ಹೋಗಿ. ಇನ್ವರೇರಿಯಿಂದ ಎ819 ರಸ್ತೆಯಲ್ಲಿ ಸುಮಾರು 25 ಕಿ.ಮೀ. ಐದು ಅಂತಸ್ತಿನ ಗೋಪುರ ಸುಮಾರು 1450ರದ್ದು. 1690ರ ದಶಕದಲ್ಲಿ 200 ಸೈನಿಕರಿಗೆ ಬ್ಯಾರಕ್ ಸೇರಿಸಿದರು. 1760ರಲ್ಲಿ ಸಿಡಿಲು ಬಡಿದ ಮೇಲೆ ಯಾರೂ ವಾಸಿಸಲಿಲ್ಲ. ಅಂಗಳದಲ್ಲಿ ಗೋಪುರದ ಕಲ್ಲಿನ ಶಿಖರವೊಂದು ತಲೆಕೆಳಗಾಗಿ ಬಿದ್ದಿದೆ, ತಪ್ಪದೆ ನೋಡಿ. ದಾರಿ ರೈಲ್ವೆ ಸೇತುವೆಯ ಕಮಾನಿನ ಕೆಳಗೆ ಹಾದುಹೋಗುತ್ತದೆ. ಜೋರು ಮಳೆಯಾದರೆ ಪಕ್ಕದ ಲಾಕ್ ಆವ್ ಸರೋವರ ಉಕ್ಕಿ ದಾರಿ ಮುಳುಗುತ್ತದೆ, ಹಾಗಾಗಿ ರಬ್ಬರ್ ಬೂಟು ಇರಲಿ. ಚಳಿಗಾಲದಲ್ಲಿ ಒಳಗೆ ಬಿಡುವುದಿಲ್ಲ.